ಹಳಬರ ಬಳಗ, ಹನ್ನೊಂದನೆಯ ನಿಯಮ

ಮಾರ್ಚ್ ೩, ಸೋಮವಾರ

ಬಿಡುಗಡೆ ಕೇಳಲು ಹೋಗಿ ಇನ್ನೊಂದು ಕೆಲಸ ಹೊತ್ತುಕೊಂಡು ಬಂದೆ.

ಈ ಸಾರ್ವಜನಿಕ ಸೇವಾ ತರಬೇತಿ ಸಂಸ್ಥೆಗೆ ನಾನು ಬಂದದ್ದು ಒಂದು ವರ್ಷದ ನಿಯೋಜನೆಯ ಮೇಲೆ. ಅಂದರೆ ಎರವಲು. ಆಹಾರ ಇಲಾಖೆಯ ಗೋದಾಮುಗಳನ್ನು ತಪಾಸಣೆ ಮಾಡಿಕೊಂಡು, ಸಂಜೆ ಮನೆಗೆ ಹೋಗಿ ಮಗಳ ಜತೆ ಜಗಳವಾಡಿಕೊಂಡು ಸುಖವಾಗಿದ್ದವಳನ್ನು, ಹೊಸ ಅಧಿಕಾರಿಗಳಿಗೆ ಕಡತದಲ್ಲಿ ಟಿಪ್ಪಣಿ ಬರೆಯುವುದನ್ನು ಕಲಿಸೆಂದು ಇಲ್ಲಿ ತಂದು ಕೂರಿಸಿದರು. ಇಪ್ಪತ್ತು ವರ್ಷದ ಕೆಳಗೆ ನಾನೂ ಇಲ್ಲೇ ಕಲಿತು ಹೊರಬಿದ್ದವಳು. ಎರಡನೇ ಸಲ ಹೊರಬೀಳುವುದು ಇಷ್ಟು ಕಷ್ಟವೆಂದು ಗೊತ್ತಿರಲಿಲ್ಲ. ಒಂದು ವರ್ಷ ಎರಡಾಯಿತು. ನೆರೆಮನೆಗೆ ಹೋದ ಇಕ್ಕಳ, ನಿಯೋಜನೆಗೆ ಹೋದ ಅಧಿಕಾರಿ, ಎರಡೂ ತಾವಾಗಿ ಹಿಂದಿರುಗಿದ್ದನ್ನು ಯಾರೂ ಕಂಡಿಲ್ಲ.

ಮನೆ ಇಲ್ಲಿಂದ ಬಸ್ಸಿನಲ್ಲಿ ಒಂದು ಹಗಲಿನ ದಾರಿ. ಅಲ್ಲಿ ನಮ್ಮ ಮೇಷ್ಟ್ರು, ಅಂದರೆ ಕಟ್ಟಿಕೊಂಡವರು, ಶಾಲೆಯಲ್ಲಿ ಚಿತ್ರಕಲೆ ಕಲಿಸುತ್ತಾರೆ. ಜತೆಗೆ ಮಗಳು. ಜೂನ್‌ನಲ್ಲಿ ಅವಳಿಗೆ ಶಾಲೆಯ ಕೊನೆಯ ವರ್ಷ ಶುರು. ಅಷ್ಟರೊಳಗೆ ಮನೆಯಲ್ಲಿರುತ್ತೇನೆ ಎಂದು ಮಾತು ಕೊಟ್ಟಿದ್ದೇನೆ. ಕಳೆದ ವರ್ಷವೂ ಕೊಟ್ಟಿದ್ದೆ, ಹಾಗಾಗಿ ಈ ಸಲ ಅವಳು "ಹೂಂ" ಎಂದಳಷ್ಟೆ.

ನಿರ್ದೇಶಕರಿಗೆ ನಾನಿಟ್ಟ ಹೆಸರು ನಗುಮುಖ. ಇಲ್ಲ ಅನ್ನುವಾಗ ಅವರ ಮುಖ ಇನ್ನಷ್ಟು ಅರಳುತ್ತದೆ. ಇಲ್ಲಿ ಕಲಿತು ಹೋದವರು ಮುನ್ನೂರರ ಮೇಲಿದ್ದಾರೆ, ಒಬ್ಬರ ಸುದ್ದಿ ಒಬ್ಬರಿಗಿಲ್ಲ, ಅವರದೊಂದು ಬಳಗ ಕಟ್ಟಿ, ಮೇ ತಿಂಗಳಲ್ಲಿ ಮೊದಲ ಸಭೆ ನಡೆಸಿ, ಅವತ್ತೇ ನಿಮ್ಮ ಬಿಡುಗಡೆ ಆದೇಶಕ್ಕೆ ಸಹಿ ಎಂದರು ಅರಳಿಕೊಂಡು.

ಬಳಗ ಕಟ್ಟಲು ಕೊಟ್ಟ ಕೋಣೆ ಮೊದಲು ಮುರಿದ ಕುರ್ಚಿಗಳದಾಗಿತ್ತು. ಬಣ್ಣ ಬಳಿದವರು ಕಿಟಕಿಯ ಕದ, ಚೌಕಟ್ಟು ಎಲ್ಲ ಸೇರಿಸಿ ಬಳಿದಿದ್ದಾರೆ. ತೆರೆಯುವುದಿಲ್ಲ. ಗಾಜಿನಾಚೆ ನೀರಿನ ಟ್ಯಾಂಕಿನ ಗೋಡೆ.

ಕೇಳಿದ್ದು ಬಿಡುಗಡೆ, ಸಿಕ್ಕಿದ್ದು ಹೊರೆ,
ನಗುತ್ತಲೇ ನೂಕಿದರು, ಇದು ಮೆತ್ತನೆ ಸೆರೆ.

ಮಾರ್ಚ್ ೬, ಗುರುವಾರ

ಸೋಮವಾರವೇ ಫೋನಿನಲ್ಲಿ ಎಲ್ಲರನ್ನೂ ಒಂದು ಗುಂಪಿಗೆ ಸೇರಿಸಿ "ನಮಸ್ಕಾರ, ಎಲ್ಲರಿಗೂ ಸ್ವಾಗತ" ಎಂದು ಬರೆದೆ. ಮೂರು ದಿನ ಸ್ಮಶಾನ ಮೌನ. ಓದಿದ್ದಾರೆ, ಅದು ಕಾಣಿಸುತ್ತದೆ. ಬರೆಯುತ್ತಿಲ್ಲ.

ಕಾರಣ ಇವತ್ತು ಹೊಳೆಯಿತು. ನಮ್ಮ ಸೇವೆಯಲ್ಲಿ ಮೇಲಿನವರು ಬಾಯಿ ಬಿಡುವ ಮುನ್ನ ಕೆಳಗಿನವರು ಬಿಡುವುದಿಲ್ಲ. ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರು ದೊಡ್ಡ ಸಾರ್, ಎಂದೋ ನಿವೃತ್ತರಾದವರು. ಅವರು ಬರೆಯಲಿ ಎಂದು ಉಳಿದವರು ಕಾದಿದ್ದಾರೆ. ಅವರಿಗೋ ಫೋನಿನಲ್ಲಿ ಬರೆಯಲು ಬಾರದು.

ಮಧ್ಯಾಹ್ನ ಅವರ ಮೊಮ್ಮಗು ಫೋನನ್ನು ಆಟಕ್ಕೆ ತೆಗೆದುಕೊಂಡಿತೋ ಏನೋ, ಅವರ ಹೆಸರಿನಲ್ಲಿ ಒಂದು ಕೋತಿಯ ಚಿತ್ರ ಬಂದು ಬಿತ್ತು. ಸಂಜೆಯೊಳಗೆ ಇನ್ನೂರು ಕೋತಿಗಳು, ಎಲ್ಲವೂ ಜ್ಯೇಷ್ಠತೆಯ ಪ್ರಕಾರ. ಒಬ್ಬ ಕಿರಿಯ ಆತುರಪಟ್ಟು ತನ್ನ ಮೇಲಿನವನಿಗಿಂತ ಮೊದಲು ಕಳಿಸಿಬಿಟ್ಟಿದ್ದ. ಅಳಿಸಿ, ಕಾದು, ಮತ್ತೆ ಕಳಿಸಿದ.

ಮೇಷ್ಟ್ರಿಗೆ ಫೋನಿನಲ್ಲಿ ಹೇಳಿ ಇಬ್ಬರೂ ನಕ್ಕೆವು. ಮಗಳೂ ಹಿಂದಿನಿಂದ ನಕ್ಕದ್ದು ಕೇಳಿಸಿತು.

ಮಾರ್ಚ್ ೧೪, ಶುಕ್ರವಾರ

ಬಳಗದ ನಿಯಮಾವಳಿ ಬರೆದು ಮುಗಿಸಿದೆ. ಹೆಮ್ಮೆಯಾಗಿದೆ, ಬರೆದುಕೊಳ್ಳುತ್ತೇನೆ, ಯಾರು ನೋಡುತ್ತಾರೆ.

ಈ ಸಂಸ್ಥೆಯಲ್ಲಿ ಇಂಥ ಬಳಗ ಹಿಂದೆ ಎರಡು ಸಲ ಹುಟ್ಟಿ ಸತ್ತಿದೆ. ಎರಡು ಸಲವೂ ಸಂಚಾಲಕರು ವರ್ಗವಾಗಿ ಹೋದರು, ಉಳಿದ ನಾಲ್ಕು ಜನ ಚಹಾ ಕುಡಿದು ನಿರ್ಣಯ ಮಾಡಿದರು, ಬಳಗ ಬರಗಾಲ ಕಂಡಿತು. ಹಾಗಾಗಿ ನಾನು ಬಿಗಿಯಾಗಿ ಬರೆದೆ. ಹನ್ನೊಂದನೆಯ ನಿಯಮ ನೋಡಬೇಕು: "ನೂತನ ಸಂಚಾಲಕರು ಸದಸ್ಯರ ಸಭೆಯಲ್ಲಿಯೇ ಆಯ್ಕೆಯಾಗತಕ್ಕದ್ದು, ಸಭೆಯಲ್ಲಿ ಅರ್ಧದಷ್ಟು ಸದಸ್ಯರು ಖುದ್ದು ಹಾಜರಿರತಕ್ಕದ್ದು, ಆಯ್ಕೆಯಾಗುವ ತನಕ ಹಾಲಿ ಸಂಚಾಲಕರು ಸಂಸ್ಥೆಯಲ್ಲಿಯೇ ಇದ್ದು ಕಾರ್ಯ ಸಾಗಿಸತಕ್ಕದ್ದು." ಓದಿದರೆ ತಾಳ ಹಾಕಬಹುದು. ಕನ್ನಡದಲ್ಲೇ ಓದಿದವಳು ಎಂದು ಪಕ್ಕದ ಕೋಣೆಯ ಉಪನ್ಯಾಸಕರು ನನ್ನ ಕಡೆ ಓರೆನೋಟ ಬೀರುತ್ತಾರಲ್ಲ, ಇಂಥದೊಂದು ವಾಕ್ಯ ಬರೆಯಲಿ ನೋಡೋಣ.

ನಗುಮುಖದವರು ಓದಿ, ಮೊದಲ ಸಂಚಾಲಕಿ ಎಂದು ನನ್ನ ಹೆಸರನ್ನೇ ಹಾಕಿ ಅನುಮೋದನೆಗೆ ಕಳಿಸಿದರು. ಬರೆದವಳ ಹೆಸರು ಇರಲಿ ಎಂದು ನಾನೂ ಸುಮ್ಮನಾದೆ.

ಮಾರ್ಚ್ ೨೭, ಗುರುವಾರ

ಅನುಮೋದನೆ ಬಂತು. ನಗುಮುಖದವರು ಕರೆದು ಚಹಾ ತರಿಸಿದರು. ಅವರು ಚಹಾ ತರಿಸಿದರೆ ಏನೋ ಕಾದಿದೆ ಎಂದೇ ಅರ್ಥ. ಹನ್ನೊಂದನೆಯ ನಿಯಮವನ್ನು ಗಟ್ಟಿಯಾಗಿ ಓದಿದರು.

"ಎಷ್ಟು ಚೆನ್ನಾಗಿ ಬರ್ದಿದೀರಮ್ಮ. ಒಂದು ಅಕ್ಷರ ಅಲ್ಲಾಡಿಸೋಕಾಗಲ್ಲ. ಸಭೆ ಸೇರಿಸಿದರೆ ಸಹಿ ಹಾಕ್ತೀನಿ ಅಂದಿದ್ದೆ, ನಿಜ. ಆದರೆ ಈಗ ನಿಮ್ಮ ಜಾಗಕ್ಕೆ ಇನ್ನೊಬ್ಬರು ಆಯ್ಕೆ ಆಗೋವರೆಗೂ ನಾನು ಸಹಿ ಹಾಕಿದರೆ ನಿಮ್ಮ ನಿಯಮವನ್ನ ನಾನೇ ಮುರಿದ ಹಾಗಾಗುತ್ತೆ."

ತಿದ್ದಬಹುದಲ್ಲ ಎಂದೆ. ತಿದ್ದಲೂ ಸಭೆಯಾಗಬೇಕು, ಅದಕ್ಕೂ ಅರ್ಧ ಜನ ಬೇಕು, ಅದು ಹನ್ನೆರಡನೆಯ ನಿಯಮ ಎಂದರು. ಅದನ್ನು ಬರೆದವಳೂ ನಾನೇ.

ತಾನು ತೋಡಿದ ಹಳ್ಳಕ್ಕೆ ತಾನೇ ಬೀಳುವುದು ಲೋಕರೂಢಿ. ಅಳತೆ ಹಿಡಿದು, ಅಂಚು ಕಟ್ಟಿ, ಮೇಲೆ ಮುಚ್ಚಳವನ್ನೂ ಮಾಡಿಸಿಕೊಂಡವಳು ನಾನೊಬ್ಬಳೇ ಇರಬೇಕು.

ಮಾರ್ಚ್ ೨೮, ಶುಕ್ರವಾರ

ಪ್ರಾಸ ಹುಡುಕಿದೆ. ಸಿಗಲಿಲ್ಲ.

ಏಪ್ರಿಲ್ ೮, ಮಂಗಳವಾರ

ಮೇ ಇಪ್ಪತ್ತನಾಲ್ಕಕ್ಕೆ ಸಭೆ ಎಂದು ಆಮಂತ್ರಣ ಕಳಿಸಿದೆ. ಬಂದ ಉತ್ತರಗಳು: "ಗಮನಿಸಲಾಗಿದೆ." "ಗಮನಿಸಲಾಗಿದೆ." "ಮೇಲಧಿಕಾರಿಗಳ ಗಮನಕ್ಕೆ ತರಲಾಗಿದೆ." ಒಬ್ಬರು ಆಮಂತ್ರಣಕ್ಕೆ ಕಡತ ಸಂಖ್ಯೆ ಕೇಳಿದ್ದಾರೆ. ಬರುತ್ತೀರೋ ಇಲ್ಲವೋ ಎಂದರೆ, ದೊಡ್ಡ ಸಾರ್ ಬರುತ್ತಾರಾ ಎನ್ನುತ್ತಾರೆ. ದೊಡ್ಡ ಸಾರ್, ಎಷ್ಟು ಜನ ಬರುತ್ತಾರಮ್ಮಾ ಎನ್ನುತ್ತಾರೆ. ನಾನು ನಡುವೆ ಗಾಣದೆತ್ತು.

ಬೇರೆ ದಾರಿ ಕಾಣದೆ ಒಬ್ಬೊಬ್ಬರಿಗೇ ಫೋನು ಮಾಡಲು ಕೂತೆ. ಸುಮ್ಮನೆ ಕರೆಯುತ್ತಾಳೆ ಎಂದು ಯಾರೂ ನಂಬುವುದಿಲ್ಲ. ಗಡಿ ತಪಾಸಣಾ ಠಾಣೆಯಲ್ಲಿರುವ ಒಬ್ಬರು ನನ್ನ ಮಾತನ್ನು ಪೂರ್ತಿ ಕೇಳಿ, "ನೇರವಾಗಿ ಹೇಳಿ ಮೇಡಂ, ಯಾರ ವರ್ಗಾವಣೆ ಆಗಬೇಕು?" ಎಂದರು. ಯಾರದೂ ಇಲ್ಲ, ನೀವು ಹೇಗಿದ್ದೀರಿ ಎಂದು ಕೇಳೋಣ ಅಂತ ಎಂದೆ. ಫೋನು ಇಟ್ಟರೇನೋ ಅಂದುಕೊಂಡೆ. ಇಟ್ಟಿರಲಿಲ್ಲ. ಇಲ್ಲಿ ಧೂಳು ಜಾಸ್ತಿ ಎಂದರು. ಆಮೇಲೆ ಠಾಣೆಯ ಮೂರು ಕಾಲಿನ ನಾಯಿಯ ಕತೆ ಶುರು ಮಾಡಿದವರು ಲಾರಿ ಬಂತೆಂದು ನಿಲ್ಲಿಸಬೇಕಾಯಿತು.

ಬರುತ್ತಾರಂತೆ.

ಏಪ್ರಿಲ್ ೧೬, ಬುಧವಾರ

ನನ್ನ ತಂಡದವಳೇ ಆದ ಗುಡುಗಿಗೆ ಫೋನು ಮಾಡಿದೆ. ತರಬೇತಿಯ ಕಾಲದಲ್ಲಿ ಅವಳು ಪಿಸುಗುಟ್ಟಿದರೆ ಮೇಲಿನ ಮಹಡಿಗೆ ಕೇಳುತ್ತಿತ್ತು, ಅದಕ್ಕೆ ಆ ಹೆಸರು. ಕಳೆದ ವರ್ಷ ಅವಳು, ಅರ್ಧ ಕಟ್ಟಿದ ಆಸ್ಪತ್ರೆಗೆ ಪೂರ್ತಿಯಾಗಿದೆ ಎಂದು ಸಹಿ ಹಾಕುವುದಿಲ್ಲ ಎಂದಿದ್ದಳು. ಅಷ್ಟಕ್ಕೇ ಬಿಟ್ಟಿದ್ದರೆ ಆಗುತ್ತಿತ್ತು, ಸಹಿ ಹಾಕು ಅಂದವರಿಗೆ ಅಲ್ಲೇ ಹೆರಿಗೆ ಮಾಡಿಸಿಕೊಳ್ಳಿ ಎಂದಳಂತೆ. ಒಂದು ವರ್ಷದಿಂದ ಅಮಾನತು. ಅಮಾನತಿನಲ್ಲಿದ್ದವರು ಗೊತ್ತುಮಾಡಿದ ಊರು ಬಿಟ್ಟು ಹೋಗುವಂತಿಲ್ಲ. ಅವಳಿಗೆ ಗೊತ್ತುಮಾಡಿದ ಊರು ಇದೇ.

"ಯಾರು ಹೋದ್ರು?" ಎಂದಳು, ಹಲೋ ಇಲ್ಲ ಏನಿಲ್ಲ.

"ಯಾರೂ ಹೋಗಿಲ್ಲ ಕಣೇ."

"ಮತ್ತೆ ಯಾಕೆ ಫೋನು? ವರ್ಷದಿಂದ ನಮ್ಮೋರು ಯಾರೂ ಮಾಡಿಲ್ಲ. ಯಾರೋ ಸತ್ತಿದಾರೆ, ಸುದ್ದಿ ಮುಟ್ಟಿಸೋಕೆ ಮಾಡಿದೀಯ ಅಂದ್ಕೊಂಡೆ."

ಸಂಜೆ ಅವಳ ಮನೆಗೆ ಹೋದೆ. ಒಂದೇ ಕೋಣೆ. ಬಟ್ಟೆಗಳು ಇಸ್ತ್ರಿಯಾಗಿ ನೇತಾಡುತ್ತಿವೆ, ನಾಳೆಯೇ ಕಚೇರಿ ಎಂಬ ಹಾಗೆ. ಬೆಳಿಗ್ಗೆ ಎದ್ದು ತಯಾರಾಗಿ, ಹತ್ತು ಗಂಟೆಗೆ ಮೆಟ್ಟಿಲಿನ ತನಕ ಹೋಗಿ ವಾಪಸು ಬರುತ್ತಾಳಂತೆ. ನಗುತ್ತಲೇ ಹೇಳಿದಳು. ಬಾಗಿಲಿಗೆ ಬಂದು, ಮತ್ತೆ ಯಾವಾಗ ಬರ್ತೀಯ ಎಂದು ಕೇಳುವಾಗ ಮಾತ್ರ ಅವಳ ದನಿ ಮೇಲಿನ ಮಹಡಿಗೆ ಕೇಳುವಂತಿರಲಿಲ್ಲ.

ಏಪ್ರಿಲ್ ೨೩, ಬುಧವಾರ

ಈಗ ಅವರೇ ಫೋನು ಮಾಡುತ್ತಾರೆ. ಕೋಣೆಯ ಬಾಗಿಲು ತೆಗೆಯುವ ಮುನ್ನವೇ ಒಳಗೆ ಫೋನು ಗಂಟೆ ಹೊಡೆಯುತ್ತಿರುತ್ತದೆ. ಠಾಣೆಯವರ ನಾಯಿಗೆ ಈಗ ಮರಿಗಳು. ಅಂಕಿಅಂಶ ಇಲಾಖೆಯವರ ಮಗನಿಗೆ ಮಾತು ತೊದಲುವುದು ಕಡಿಮೆಯಾಗಿದೆ. ಬಂದರು ಕಚೇರಿಯವರ ಹೆಂಡತಿ ಮತ್ತೆ ಮಾತಾಡಲು ಶುರು ಮಾಡಿದ್ದಾರೆ, ನಾನು ಹೇಳಿದ ಹಾಗೆ ಮೊದಲು ಇವರೇ ಪಾತ್ರೆ ತೊಳೆದರಂತೆ. ಯಾರನ್ನು ಯಾವ ಹೊತ್ತಿಗೆ ಕರೆದರೆ ಮಾತಿಗೆ ಸಿಗುತ್ತಾರೆ ಎಂಬುದು ಬಾಯಿಪಾಠವಾಗಿದೆ.

ಒಬ್ಬರ ಕಷ್ಟಕ್ಕೆ ಇನ್ನೊಬ್ಬರನ್ನು ಗಂಟು ಹಾಕುವ ಕೆಲಸವೂ ಸೇರಿಕೊಂಡಿದೆ. ನೀರಾವರಿಯವರಿಗೆ ತಿಳಿಯದ್ದು ಕಂದಾಯದವರಿಗೆ ಗೊತ್ತಿರುತ್ತದೆ, ಕೇಳಲು ಇಬ್ಬರಿಗೂ ಸಂಕೋಚ. ನಡುವೆ ನಾನು ಸೂಜಿ.

ಮಗಳು ಎರಡು ಸಲ ಮಾಡಿದ್ದಳು. ಲೈನು ಬಿಡುವಿರಲಿಲ್ಲ.

ಮೇ ೨, ಶುಕ್ರವಾರ

ಮೇಷ್ಟ್ರು ಸಿಟ್ಟಾಗುವವರಲ್ಲ. ಇವತ್ತೂ ಆಗಲಿಲ್ಲ. ಬಣ್ಣ ಕಲಸುವಾಗ ಮಾತಾಡುವ ಹಾಗೆ ಫೋನಿನಲ್ಲಿ ನಿಧಾನವಾಗಿ ಹೇಳಿದರು.

"ನಿನ್ನೆ ನೀನು ನನ್ನನ್ನ 'ತಮ್ಮ ಆರೋಗ್ಯ ಹೇಗಿದೆ' ಅಂತ ಕೇಳ್ದೆ. ತಮ್ಮ ಆರೋಗ್ಯ ಚೆನ್ನಾಗಿದೆ. ಮಗಳು ಮುಂದಿನ ವರ್ಷ ಯಾವ ವಿಷಯ ತಗೊಳ್ಳಲಿ ಅಂತ ಕೇಳಿದ್ದಕ್ಕೆ 'ಪರಿಶೀಲಿಸಿ ತಿಳಿಸ್ತೀನಿ' ಅಂದ್ಯಂತೆ."

ಸಭೆ ಮುಗಿದರೆ ಎಲ್ಲ ಸರಿಹೋಗುತ್ತದೆ, ಇಷ್ಟೆಲ್ಲ ಯಾರಿಗೋಸ್ಕರ ಮಾಡುತ್ತಿದ್ದೇನೆ ಎಂದು ಕೇಳಿದೆ. ಅವರು ಉತ್ತರ ಹೇಳುವಷ್ಟರಲ್ಲಿ ಬಂದರಿನವರ ಕರೆ ನಡುವೆ ಬಂತು. ತೆಗೆದುಕೊಂಡೆ, ಪಾಪ ಅವರಿಗೆ ಆ ಹೊತ್ತು ಬಿಟ್ಟರೆ ಬಿಡುವಿಲ್ಲ.

ಮೇ ೧೨, ಸೋಮವಾರ

೧. ಬರುತ್ತೇನೆಂದವರು ಅರ್ಧಕ್ಕಿಂತ ಹೆಚ್ಚಾಗಿದ್ದಾರೆ. ದೊಡ್ಡ ಸಾರ್ ಒಪ್ಪಿದ್ದಾರೆ. ತೋಳಿರುವ ಕುರ್ಚಿ ಬೇಕೆಂಬ ಷರತ್ತಿಗೆ ಒಳಪಟ್ಟು.

೨. ನನ್ನ ಜಾಗಕ್ಕೆ ಇನ್ನೂ ಯಾರೂ ಇಲ್ಲ. ಪಕ್ಕದ ಕೋಣೆಯ ಉಪನ್ಯಾಸಕರನ್ನು ಕೇಳಲಾಗಿ, ಕೇಳಿದ ಕ್ಷಣವೇ ಅವರಿಗೆ ಸೊಂಟ ಹಿಡಿಯಿತು. ಉಳಿದವರು "ನೀವಿರುವಾಗ ನಮಗೇನು ಚಿಂತೆ" ಎನ್ನುತ್ತಾರೆ.

೩. ಮಗಳ ವಿಷಯದ ಆಯ್ಕೆ: ಪರಿಶೀಲನೆಯಲ್ಲಿದೆ.

ಮೇ ೨೪, ಶನಿವಾರ

ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಮೇಷ್ಟ್ರು ಮತ್ತು ಮಗಳು ನಿನ್ನೆಯೇ ಬಂದರು. ನನ್ನ ಕ್ವಾರ್ಟರ್ಸಿನ ಸಾಮಾನನ್ನೆಲ್ಲ ಮಗಳೇ ಕಟ್ಟಿ, ಪೆಟ್ಟಿಗೆಗಳ ಮೇಲೆ ಒಳಗೇನಿದೆ ಎಂದು ಬರೆದಿದ್ದಳು. ಅವಳಿಗೆ ನನ್ನ ಅಕ್ಷರವೇ ಬಂದಿದೆ. ಸಭೆ ಮುಗಿದ ತಕ್ಷಣ ಹೊರಡುವುದೆಂದು ಸಭಾಂಗಣದ ಕೊನೆಯ ಸಾಲಿನಲ್ಲಿ ಕೈಚೀಲಗಳ ಸಮೇತ ಕೂತರು.

ಜನ ಬಂದರು. ಬಂದವರು ಕೂರಲಿಲ್ಲ. ತಮಗಿಂತ ಹಿರಿಯರು ಯಾರು ಎಲ್ಲಿ ಕೂರುತ್ತಾರೆಂದು ನೋಡುತ್ತಾ ಗೋಡೆಗೆ ಅಂಟಿಕೊಂಡು ನಿಂತರು. ದೊಡ್ಡ ಸಾರ್ ತೋಳಿನ ಕುರ್ಚಿಯಲ್ಲಿ ಕೂತ ಮೇಲೆ, ಅಣೆಕಟ್ಟಿನ ಬಾಗಿಲು ತೆಗೆದ ಹಾಗೆ ಎಲ್ಲರೂ ಕೂತರು. ಆಮೇಲೆ ಒಬ್ಬೊಬ್ಬರೇ ನನ್ನ ಬಳಿ ಬಂದು ತಾವು ಯಾರೆಂದು ಹೇಳಹೊರಟರೆ, ದನಿ ಕೇಳಿದ್ದೇ ನಾನೇ ಹೇಳಿಬಿಡುತ್ತಿದ್ದೆ. ಠಾಣೆಯವರು ಮರಿಯ ಫೋಟೋ ತೋರಿಸಿದರು. ತೊದಲುವ ಹುಡುಗನ ತಂದೆ ನನ್ನ ಕೈ ಹಿಡಿದುಕೊಂಡರು. ತಲೆ ಎಣಿಸಿದರು. ಅರ್ಧ ದಾಟಿತ್ತು.

ಸಂಚಾಲಕರ ಆಯ್ಕೆ ಎಂದು ನಗುಮುಖದವರು ಘೋಷಿಸಿದ್ದೇ ತಡ, ಬಂದರಿನವರು ಎದ್ದು ನನ್ನ ಹೆಸರು ಹೇಳಿದರು. ಅನುಮೋದಿಸಲು ಹತ್ತು ಜನ ಎದ್ದರು. ಅವಿರೋಧ ಅವಿರೋಧ ಎಂದು ಚಪ್ಪಾಳೆ. ಪ್ರೀತಿಯಿಂದ ತಟ್ಟುತ್ತಿದ್ದರು, ಅದೇ ಕಷ್ಟ. ನಗುಮುಖದವರ ಮುಖ ಅಷ್ಟು ಅರಳಿದ್ದನ್ನು ನಾನು ಕಂಡಿರಲಿಲ್ಲ. ಮೈಕು ನನ್ನ ಕೈಗೆ ಬಂತು. ಬೇಡ ಎನ್ನಲು ಬಾಯಿ ತೆರೆದೆ. "ತಮ್ಮೆಲ್ಲರ ಅಭಿಮಾನಕ್ಕೆ ಋಣಿ" ಎಂಬ ಮಾತು ಹೊರಬಂತು. ಕೊನೆಯ ಸಾಲಿನಲ್ಲಿ ಮಗಳು ಕೈಚೀಲವನ್ನು ಮಡಿಲಿನಿಂದ ತೆಗೆದು ನೆಲಕ್ಕಿಟ್ಟಳು.

ಆಗ ಹಿಂದಿನಿಂದ ಗುಡುಗು ಎದ್ದಳು. ಅವಳಿಗೆ ಮೈಕು ಬೇಕಿರಲಿಲ್ಲ.

"ನನ್ನ ಆಕ್ಷೇಪಣೆ ಇದೆ. ಅವಳು ಮನೆಗೆ ಹೋಗಬೇಕು, ಅವಳನ್ನ ಯಾರಾದ್ರೂ ಕೇಳಿದ್ರಾ? ನನ್ನನ್ನ ಆರಿಸಿ. ನಾನು ಎಲ್ಲಿಗೂ ಹೋಗೋ ಹಾಗಿಲ್ಲ, ಇಲ್ಲೇ ಬಿದ್ದಿದೀನಿ."

ಸಭೆಯಲ್ಲಿದ್ದವರು ಆಕ್ಷೇಪಣೆ ಎಂಬ ಪದವನ್ನು ಕಡತದಲ್ಲಿ ಕಂಡವರೇ ಎಲ್ಲ, ಯಾರೂ ಬಾಯಲ್ಲಿ ಕೇಳಿರಲಿಲ್ಲ. ಪಕ್ಕದಲ್ಲಿದ್ದವರು ಕುರ್ಚಿಯನ್ನು ಒಂದಿಷ್ಟು ಸರಿಸಿಕೊಂಡರು. ನಗುಮುಖದವರು ಮೃದುವಾಗಿ ನನ್ನ ಕಡೆ ತಿರುಗಿ, ಸಂಚಾಲಕರು ಸೇವೆಯಲ್ಲಿರುವವರೇ ಆಗಬೇಕೆಂದು ನಿಮ್ಮ ನಿಯಮದಲ್ಲಿದೆಯಲ್ಲ, ಅಮಾನತಿನಲ್ಲಿರುವವರು ಆಗಬಹುದೇ, ಬರೆದವರು ನೀವೇ, ನೀವೇ ಹೇಳಿ ಎಂದರು.

ಎಲ್ಲರೂ ನನ್ನನ್ನು ನೋಡಿದರು. ಉತ್ತರ ನನಗೆ ಗೊತ್ತಿತ್ತು, ತರಗತಿಯಲ್ಲಿ ಪಾಠ ಮಾಡಿದ್ದೇ. ಆದರೂ ಹೇಳಲು ಯಾಕೋ ತಡವಾಯಿತು. ಠಾಣೆಯವರ ಜತೆ ಗುಡುಗು ಒರಟಾಗಿ ಮಾತಾಡಿಬಿಟ್ಟರೆ ಎಂದು ಯೋಚಿಸುತ್ತಿದ್ದೆ.

"ಅಮಾನತಾದವರೂ ಸೇವೆಯಲ್ಲೇ ಇರ್ತಾರೆ ಸಾರ್," ಎಂದೆ. "ಅದಕ್ಕೇ ಅವರನ್ನ ಊರು ಬಿಡೋಕೆ ಬಿಡಲ್ಲ."

ಕೈ ಎತ್ತಿ ಎಂದಾಗ ಒಂದೂ ಏಳಲಿಲ್ಲ. ಎಲ್ಲರ ಕಣ್ಣೂ ತೋಳಿನ ಕುರ್ಚಿಯ ಕಡೆ. ದೊಡ್ಡ ಸಾರ್ ಕೈಯಲ್ಲಿದ್ದ ಕೋಲನ್ನು ಕುರ್ಚಿಗೆ ಒರಗಿಸಿಟ್ಟರು.

"ನಾನೂ ಒಂದ್ಸಲ ಅಮಾನತಾಗಿದ್ದೆ," ಎಂದರು. "ನಿಮಗ್ಯಾರಿಗೂ ಗೊತ್ತಿಲ್ಲ. ಗೊತ್ತಿದ್ದೋರು ಯಾರೂ ಆಗ ಮನೆ ಕಡೆ ಬರಲಿಲ್ಲ."

ಕೈ ಎತ್ತಿದರು. ಆಮೇಲೆ ಒಂದಾದ ಮೇಲೆ ಒಂದು ಕೈ ಎದ್ದಿತು, ಈ ಸಲ ಯಾವ ಜ್ಯೇಷ್ಠತೆಯೂ ಇರಲಿಲ್ಲ. ಕುರ್ಚಿ ಸರಿಸಿಕೊಂಡವರದೂ ಇತ್ತು.

ನಗುಮುಖದವರು ಅಲ್ಲೇ ಸಹಿ ಹಾಕಿ ಆದೇಶ ಕೊಟ್ಟರು. ಎರಡು ವರ್ಷ ಕಾದ ಕಾಗದ. ಮಡಚಿ ಚೀಲಕ್ಕೆ ಹಾಕಿಕೊಂಡೆ.

ಮೇ ೨೫, ಭಾನುವಾರ

ನಿನ್ನೆ ಹೊರಡಲಾಗಲಿಲ್ಲ. ಕೆಲಸವನ್ನು ಅರ್ಧಕ್ಕೆ ಒಪ್ಪಿಸಿ ಹೋಗುವುದು ಹೇಗೆ. ಮೇಷ್ಟ್ರು ಮತ್ತು ಮಗಳು ಪೆಟ್ಟಿಗೆಗಳ ಜತೆ ಬೆಳಿಗ್ಗೆ ಹೋದರು. ಹಿಂದೆಯೇ ಬರುತ್ತೇನೆ ಎಂದಿದ್ದಕ್ಕೆ ಮಗಳು "ಹೂಂ" ಎನ್ನಲಿಲ್ಲ.

ಮೇ ೨೯, ಗುರುವಾರ

ಗುಡುಗಿಗೆ ಯಾರ ಜತೆ ಹೇಗೆ ಮಾತಾಡಬೇಕೆಂದು ಹೇಳಿಕೊಡುತ್ತಿದ್ದೇನೆ. ಕೇಳುವುದೇ ಇಲ್ಲ. ಠಾಣೆಯವರಿಗೆ "ನಾಯಿ ಕತೆ ಸಾಕು, ನೀವು ಊಟ ಮಾಡಿದ್ರಾ?" ಎಂದುಬಿಟ್ಟಳು. ಅವರು ಗೊಳ್ಳೆಂದು ನಕ್ಕದ್ದು ನನಗೂ ಕೇಳಿಸಿತು. ನನ್ನ ಜತೆ ಹಾಗೆ ನಕ್ಕಿರಲಿಲ್ಲ.

ಕಿಟಕಿಯ ಬಣ್ಣವನ್ನು ಚಾಕುವಿನಿಂದ ಕೆರೆಯುತ್ತಾ ಕೂತಿದ್ದಳು. ಅಂಥ ಸಣ್ಣ ವಿಷಯಕ್ಕೆ ನನಗೆ ಸಿಟ್ಟು ಬಂತು. ಗೋಡೆ ನೋಡಲು ಕಿಟಕಿ ಯಾಕೆ ಎಂದೆ. ಅವಳು ಚಾಕು ಕೆಳಗಿಟ್ಟಳು.

"ನಿನ್ನನ್ನ ಇಲ್ಲಿಂದ ಬಿಡಿಸೋಕೆ ಅಷ್ಟು ಜನರ ಮುಂದೆ ಎದ್ದು ನಿಂತೆ ಕಣೇ. ಎದ್ದೇಳು. ನಾಳೆ ಬೆಳಿಗ್ಗೆ ಬಸ್ಸಿಗೆ ನಾನೇ ಹತ್ತಿಸ್ತೀನಿ, ಇಳಿದರೆ ಕಾಲು ಮುರೀತೀನಿ."

ಜೂನ್ ೨, ಸೋಮವಾರ

ಮನೆ. ಶಾಲೆ ಶುರು.

ಬಂದಾಗಿನಿಂದ ಮಗಳು ಕೇಳಿದ್ದಕ್ಕಷ್ಟೇ ಉತ್ತರ. ವಿಷಯ ಅವಳೇ ಆರಿಸಿಕೊಂಡಾಗಿದೆ. ಯಾವುದೆಂದು ಅವರಪ್ಪನಿಂದ ತಿಳಿಯಿತು. ಬೆಳಿಗ್ಗೆ ಅವಳು ಜಡೆ ಹಾಕಿಕೊಳ್ಳುವಾಗ ಹೋಗಿ ಮಂಚದ ತುದಿಯಲ್ಲಿ ಕೂತೆ.

"ಏನು ಬೇಕಿತ್ತು?" ಎಂದಳು ಕನ್ನಡಿಯಲ್ಲೇ.

"ಏನೂ ಬೇಡ. ಸುಮ್ಮನೆ."

ನಾನು ಏಳಲಿಲ್ಲ. ಅವಳು ಒಂದು ಜಡೆ ಮುಗಿಸಿ, ಬಿಚ್ಚಿ, ಮತ್ತೆ ಹಾಕಿದಳು. ಚೀಲ ಹೆಗಲಿಗೇರಿಸಿ ಬಾಗಿಲ ತನಕ ಹೋದವಳು ನಿಂತಳು. ಬಸ್ ಸ್ಟಾಪಿನ ತನಕ ಬೇಕಾದರೆ ಬರಬಹುದು, ಗೆಳತಿಯರು ಕಂಡರೆ ಮಾತಾಡಿಸಬಾರದು ಎಂದಳು.

ದಾರಿಯಲ್ಲಿ ಅರ್ಧ ದೂರ ಹೋದ ಮೇಲೆ ಕಳೆದ ವರ್ಷದ ಒಬ್ಬ ಟೀಚರ ಮೇಲೆ ದೂರು ಶುರುವಾಯಿತು. ಅಲ್ಲಿಂದ ಒಬ್ಬಳು ಗೆಳತಿ, ಅವಳ ಜತೆ ಬಿಟ್ಟ ಮಾತು, ಮತ್ತೆ ಸೇರಿದ್ದು, ನಾನು ಕೇಳಿಯೇ ಇರದ ಎಷ್ಟೋ ಹೆಸರುಗಳು. ಯಾರು ಎಂದು ನಾನು ಕೇಳಲಿಲ್ಲ.

ಬಸ್ಸು ಬಂತು. ಬಾಗಿಲು ತೆರೆದು ನಿಂತಿತು. ಅವಳು ಅದರ ಕಡೆ ನೋಡಿ, ಇನ್ನೂ ಮುಗಿದಿಲ್ಲ, ಇದಾದ ಮೇಲೆ ಇನ್ನೊಂದು ಬಸ್ಸಿದೆ ಎಂದಳು.